ಮಗುವಿನ ಮೊದಲ ವರ್ಷದ ಊಟ: ಮೊದಲ ಗುಟುಕಿನಿಂದ ಮನೆಮಂದಿಯ ತಟ್ಟೆಯವರೆಗೆ

ಹುಟ್ಟಿದಾಗ ಮೂರು ಕಿಲೋ ಇದ್ದ ಕೂಸು ಐದಾರು ತಿಂಗಳಿಗೆ ಆರು ಕಿಲೋ ಆಗುತ್ತದೆ, ವರ್ಷ ತುಂಬುವ ಹೊತ್ತಿಗೆ ಒಂಬತ್ತರ ಆಸುಪಾಸಿಗೆ ಬರುತ್ತದೆ. ಮುಂದೆ ಇಡೀ ಬದುಕಿನಲ್ಲಿ ಯಾವ ವರ್ಷವೂ ಮನುಷ್ಯ ಹೀಗೆ ಮೂರು ಪಟ್ಟು ಆಗುವುದಿಲ್ಲ. ಇಷ್ಟಕ್ಕೆಲ್ಲ ಇರುವುದು ಒಂದು ಲೋಟ ಹಿಡಿಯುವಷ್ಟು ಹೊಟ್ಟೆ.

ನನ್ನ ಮಗಳಿಗೆ ಆರು ತಿಂಗಳು ತುಂಬಿದಾಗ ದಿನಕ್ಕೆ ಎಷ್ಟು ಚಮಚ ಒಳಗೆ ಹೋಯಿತೆಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೆ. ಹೋದದ್ದು ಏನು ಎಂದು ಬರೆದಿರಲಿಲ್ಲ. ಒಂದು ತಿಂಗಳು ತೂಕ ಏರದೆ ನಿಂತಾಗ ಹಿಂದಿನ ಪುಟಗಳನ್ನು ತಿರುವಿ ನೆನಪು ಮಾಡಿಕೊಂಡರೆ, ಹೋದದ್ದು ಬಹುಪಾಲು ನೀರು: ತೆಳ್ಳಗಿನ ಗಂಜಿ, ಬೇಳೆಯ ತಿಳಿ, ತರಕಾರಿ ಬೇಯಿಸಿದ ರಸ. ಚಮಚದ ಲೆಕ್ಕ ಸರಿಯಾಗಿಯೇ ಇತ್ತು. ಈ ಬರಹದಲ್ಲಿ ಗಟ್ಟಿತನದ ಬಗ್ಗೆ, ಕಬ್ಬಿಣಾಂಶದ ಬಗ್ಗೆ ನಾನು ಸ್ವಲ್ಪ ಹೆಚ್ಚೇ ಮಾತಾಡುವುದಕ್ಕೆ ಕಾರಣ ಆ ನೋಟ್‌ಬುಕ್ಕು.

ಮೊದಲ ಆರು ತಿಂಗಳು: ಹಾಲು ಮಾತ್ರ

ಹುಟ್ಟಿದ ಒಂದು ಗಂಟೆಯೊಳಗೆ ಎದೆಹಾಲು ಶುರುವಾಗಬೇಕು, ಆರು ತಿಂಗಳು ಬೇರೇನೂ ಬೇಡ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಮೊದಲ ಎರಡು ಮೂರು ದಿನ ಬರುವುದು ಹಳದಿ ಬಣ್ಣದ, ಮಂದವಾದ ಹಾಲು. ಹನಿಗಳ ಲೆಕ್ಕದಲ್ಲಿ ಬರುವುದರಿಂದ ‘ಹಾಲೇ ಇಲ್ಲ’ ಎಂಬ ಗಾಬರಿ ಶುರುವಾಗುತ್ತದೆ. ನವಜಾತ ಶಿಶುವಿಗೆ ಬೇಕಾದದ್ದೂ ಅಷ್ಟೇ. ರೋಗನಿರೋಧಕ ಅಂಶಗಳು ತುಂಬಿರುವ ಈ ಹಾಲನ್ನು ಹಿಂಡಿ ಚೆಲ್ಲಬಾರದು.

ಎದೆಗೆ ಹಿಡಿಸುವಾಗ ನೋಡಬೇಕಾದ್ದು ಒಂದೇ ವಿಷಯ: ಮಗುವಿನ ಬಾಯಿ ಅಗಲವಾಗಿ ತೆರೆದು, ತೊಟ್ಟಿನ ಜೊತೆ ಸುತ್ತಲಿನ ಕಪ್ಪು ಭಾಗವೂ ಸಾಕಷ್ಟು ಬಾಯೊಳಗೆ ಹೋಗಿರಬೇಕು. ಕೆಳತುಟಿ ಹೊರಕ್ಕೆ ಮಡಚಿ, ಗದ್ದ ಎದೆಗೆ ತಾಗಿರಬೇಕು. ಬರೀ ತೊಟ್ಟನ್ನು ಚೀಪಿದರೆ ತಾಯಿಗೆ ನೋವು, ಮಗುವಿಗೆ ಹಾಲಿಲ್ಲ. ಮೊದಲ ಕೆಲವು ಗುಟುಕು ಕಳೆದ ಮೇಲೂ ನೋವು ಉಳಿದಿದ್ದರೆ ಹಿಡಿತ ಸರಿಯಿಲ್ಲ ಎಂದೇ ತಿಳಿಯಿರಿ. ಕಿರುಬೆರಳನ್ನು ಬಾಯಿಯ ಮೂಲೆಯಲ್ಲಿ ತೂರಿಸಿ ಹಿಡಿತ ಬಿಡಿಸಿ, ಮತ್ತೆ ಹಿಡಿಸಿ. ಎಷ್ಟು ಸಲ ಬೇಕಾದರೂ.

ದಿನಕ್ಕೆ 8ರಿಂದ 12 ಸಲ ಕುಡಿಯುವುದು ಸಾಮಾನ್ಯ, ಅದರಲ್ಲಿ ರಾತ್ರಿಯದೂ ಸೇರಿದೆ. ಗಡಿಯಾರ ನೋಡುವುದಕ್ಕಿಂತ ಮುಖ ನೋಡುವುದು ಒಳ್ಳೆಯದು. ಹಸಿದ ಮಗು ಮೊದಲು ತುಟಿ ಚಪ್ಪರಿಸುತ್ತದೆ, ತಲೆ ಅತ್ತಿತ್ತ ತಿರುಗಿಸಿ ಹುಡುಕುತ್ತದೆ, ಮುಷ್ಟಿ ಬಾಯಿಗೆ ಒಯ್ಯುತ್ತದೆ. ಅಳು ಬರುವುದು ಕೊನೆಗೆ. ಅಷ್ಟರಲ್ಲಿ ಮಗು ಎದೆ ಹಿಡಿಯಲೂ ಆಗದಷ್ಟು ರೇಗಿರುತ್ತದೆ. ಕೆಲವು ಸಂಜೆಗಳಲ್ಲಿ ಗಂಟೆಗಟ್ಟಲೆ ಬಿಟ್ಟೂ ಬಿಡದೆ ಕುಡಿಯುವುದುಂಟು. ಅದು ಹಾಲು ಬತ್ತಿದ ಲಕ್ಷಣವಲ್ಲ. ಮಗು ಕುಡಿದಷ್ಟೂ ಹಾಲು ಹೆಚ್ಚುತ್ತದೆ.

ಹಾಲು ಸಾಕಾಗುತ್ತಿದೆಯೇ ಎಂಬುದಕ್ಕೆ ಉತ್ತರ ಡೈಪರ್‌ನಲ್ಲಿದೆ. ಐದಾರನೇ ದಿನದಿಂದ ದಿನಕ್ಕೆ ಕನಿಷ್ಠ ಆರು ಸಲ ತಿಳಿ ಬಣ್ಣದ ಮೂತ್ರ ಹೋಗಬೇಕು. ಮೊದಲ ದಿನಗಳ ಕಪ್ಪು ಅಂಟು ಮಲ ಐದನೇ ದಿನದ ಹೊತ್ತಿಗೆ ಹಳದಿಗೆ ತಿರುಗಿರಬೇಕು. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಸ್ವಲ್ಪ ಇಳಿಯುವುದು ಸಹಜ. ಅದು ನೂರಕ್ಕೆ ಹತ್ತು ದಾಟಿದರೆ, ಅಥವಾ ಎರಡು ವಾರವಾದರೂ ಹುಟ್ಟಿದಾಗಿನ ತೂಕಕ್ಕೆ ಮರಳದಿದ್ದರೆ ವೈದ್ಯರಿಗೆ ತೋರಿಸಿ. ಒಂದೂವರೆ ತಿಂಗಳ ನಂತರ ಎದೆಹಾಲು ಕುಡಿಯುವ ಕೆಲವು ಮಕ್ಕಳು ನಾಲ್ಕೈದು ದಿನ ಮಲವಿಸರ್ಜನೆ ಮಾಡದಿರಬಹುದು. ಮೆತ್ತಗೆ ಹೋಗುತ್ತಿದ್ದು ಮಗು ನಗುನಗುತ್ತಿದ್ದರೆ ಅದು ಮಲಬದ್ಧತೆಯಲ್ಲ.

ಆರು ತಿಂಗಳೊಳಗೆ ನೀರು ಬೇಡ, ಬೇಸಿಗೆಯಲ್ಲೂ ಬೇಡ. ಎದೆಹಾಲಿನಲ್ಲಿ ಹೆಚ್ಚಿನ ಪಾಲು ನೀರೇ. ಮೇಲೆ ಕುಡಿಸಿದ ನೀರು ಹಾಲಿನ ಜಾಗ ತಿನ್ನುತ್ತದೆ. ಹೆಚ್ಚಾದರೆ ರಕ್ತದ ಸೋಡಿಯಂ ಇಳಿದು ಫಿಟ್ಸ್ ಬರುವಷ್ಟು ಅಪಾಯವೂ ಇದೆ. ಎದೆಹಾಲಿನಲ್ಲಿ ಕಡಿಮೆ ಇರುವುದು ವಿಟಮಿನ್ ಡಿ. ದಿನಕ್ಕೆ 400 ಐಯು (ವಿಟಮಿನ್ ಅಳೆಯುವ ಮಾನ) ಸಿಗುವಷ್ಟು ಹನಿಗಳನ್ನು ಹುಟ್ಟಿದ ಕೆಲವೇ ದಿನಗಳಿಂದ ಕೊಡುವಂತೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹೇಳುತ್ತದೆ. ನಿಮ್ಮ ವೈದ್ಯರು ಬರೆದುಕೊಡದಿದ್ದರೆ ನೀವೇ ಕೇಳಿ. ಹಾಲು, ಮೊಟ್ಟೆ, ಮಾಂಸ ಯಾವುದನ್ನೂ ಮುಟ್ಟದ ತಾಯಿಯಾದರೆ ವಿಟಮಿನ್ ಬಿ12 ಬಗ್ಗೆಯೂ ಕೇಳಲೇಬೇಕು. ತಾಯಿಯಲ್ಲಿ ಇಲ್ಲದ ಬಿ12 ಹಾಲಿಗೂ ಬರುವುದಿಲ್ಲ, ಅದರ ಕೊರತೆ ಮಗುವಿನ ನರಮಂಡಲಕ್ಕೆ ಪೆಟ್ಟು ಕೊಡುತ್ತದೆ.

ಹಿಂಡಿಟ್ಟ ಹಾಲು, ಪುಡಿ ಹಾಲು

ಕೆಲಸಕ್ಕೆ ಮರಳುವ ತಾಯಂದಿರಿಗೆ ಈ ಲೆಕ್ಕ ಬಾಯಿಪಾಠವಾಗಿರಲಿ: ಹಿಂಡಿದ ಎದೆಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ, ಫ್ರಿಜ್ಜಿನಲ್ಲಿ 4 ದಿನ, ಫ್ರೀಜರಿನಲ್ಲಿ ಸುಮಾರು 6 ತಿಂಗಳು. ಫ್ರಿಜ್ಜಿನ ಬಾಗಿಲಲ್ಲಿ ಇಡಬೇಡಿ, ಒಳಗಿನ ಮೂಲೆಯಲ್ಲಿಡಿ. ಬಿಸಿ ಮಾಡಲು ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿಟ್ಟರೆ ಸಾಕು. ಮೈಕ್ರೋವೇವ್‌ನಲ್ಲಿ ಹಾಲು ಒಂದೊಂದು ಕಡೆ ಒಂದೊಂದು ರೀತಿ ಕಾಯುತ್ತದೆ, ಹೊರಗೆ ಬೆಚ್ಚಗಿದ್ದು ನಡುವೆ ಬಾಯಿ ಸುಡುವಷ್ಟಿರಬಹುದು.

ಎದೆಹಾಲು ಕೊಡಲಾಗದವರು, ಕೊಡದಿರಲು ತೀರ್ಮಾನಿಸಿದವರು ತಪ್ಪಿತಸ್ಥರಂತೆ ಕೂರಬೇಕಿಲ್ಲ. ಫಾರ್ಮುಲಾ ಹಾಲಿನಲ್ಲೂ (ಶಿಶುಗಳಿಗೆಂದೇ ತಯಾರಿಸಿದ ಪುಡಿ ಹಾಲು) ಮಕ್ಕಳು ಚೆನ್ನಾಗಿ ಬೆಳೆಯುತ್ತಾರೆ. ಕಲಸುವ ಕ್ರಮ ಮಾತ್ರ ಸರಿಯಿರಬೇಕು. ಪುಡಿಯ ಡಬ್ಬಿ ಮುಚ್ಚಿ ಬಂದರೂ ಒಳಗಿನ ಪುಡಿ ಕ್ರಿಮಿರಹಿತವಲ್ಲ, ಇದು ಬಹಳ ಜನಕ್ಕೆ ಗೊತ್ತಿಲ್ಲ. ಅದಕ್ಕೇ 70 ಡಿಗ್ರಿಗಿಂತ ತಣ್ಣಗಾಗದ ನೀರು ಬೇಕು. ನೀರನ್ನು ಕುದಿಸಿ, ಅರ್ಧ ಗಂಟೆ ದಾಟುವ ಮೊದಲೇ ಬಳಸಿ. ತೊಳೆದು ಕುದಿಸಿದ ಬಾಟಲಿಗೆ ಮೊದಲು ನೀರು ಅಳೆದು ಹಾಕಿ, ಆಮೇಲೆ ಡಬ್ಬಿಯದೇ ಚಮಚದಲ್ಲಿ ತಲೆಸವರಿದ ಅಳತೆಯಲ್ಲಿ ಪುಡಿ. ಕಲಕಿ, ನಲ್ಲಿಯ ಕೆಳಗೆ ಬಾಟಲಿ ಹಿಡಿದು ತಣಿಸಿ, ಮಣಿಕಟ್ಟಿನ ಮೇಲೆ ಒಂದೆರಡು ಹನಿ ಬಿಟ್ಟು ನೋಡಿ. ಎರಡು ಗಂಟೆಯೊಳಗೆ ಕುಡಿಸದಿದ್ದರೆ, ಮಗು ಕುಡಿದು ಉಳಿಸಿದರೆ, ಚೆಲ್ಲಿ. ಉಳಿತಾಯವಾಗಲೆಂದು ನೀರು ಹೆಚ್ಚಿಸುವುದು, ಪುಷ್ಟಿಯಾಗಲೆಂದು ಪುಡಿ ಹೆಚ್ಚಿಸುವುದು, ಎರಡೂ ಅಪಾಯ. ಮೊದಲ ವಾರ ಕಳೆದ ಮೇಲೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ ಸುಮಾರು 150 ಮಿ.ಲೀ. ಎಂಬುದು ಅಂದಾಜು. ಬಾಟಲಿಯ ಕೊನೆಯ ಗುಟುಕನ್ನು ತುರುಕಲು ಇದು ನೆಪವಾಗಬಾರದು.

ಆರು ತಿಂಗಳಿಗೆ ಆಗುವುದೇನು?

ಗರ್ಭದಲ್ಲಿದ್ದಾಗ ಮಗು ತಾಯಿಯಿಂದ ಕಬ್ಬಿಣಾಂಶವನ್ನು ಕೂಡಿಟ್ಟುಕೊಂಡು ಬಂದಿರುತ್ತದೆ. ಆ ಉಳಿತಾಯ ಸರಿಸುಮಾರು ಆರು ತಿಂಗಳಿಗೆ ಮುಗಿಯುತ್ತದೆ. ಎದೆಹಾಲಿನ ಕಬ್ಬಿಣಾಂಶ ಚೆನ್ನಾಗಿ ಮೈಗೆ ಹತ್ತುತ್ತದೆ, ಆದರೆ ಲೀಟರಿಗೆ ಅರ್ಧ ಮಿಲಿಗ್ರಾಮೂ ಇರುವುದಿಲ್ಲ. 7ರಿಂದ 12 ತಿಂಗಳ ಮಗುವಿಗೆ ಆಹಾರದಲ್ಲಿ ಇರಬೇಕಾದ ಕಬ್ಬಿಣಾಂಶ ಅಮೆರಿಕದ ಶಿಫಾರಸಿನಂತೆ ದಿನಕ್ಕೆ 11 ಮಿಲಿಗ್ರಾಂ. ಅದೇ ಪಟ್ಟಿಯಲ್ಲಿ ವಯಸ್ಕ ಗಂಡಸಿಗೆ ಇರುವುದು 8. ಎಂಟು ಕಿಲೋ ತೂಗುವ ಕೂಸಿಗೆ ಅದರ ಅಪ್ಪನಿಗಿಂತ ಹೆಚ್ಚು! ಮೆದುಳು ಬೆಳೆಯುವ ಈ ಹೊತ್ತಿನಲ್ಲಿ ಕಬ್ಬಿಣಾಂಶ ತಪ್ಪಿದರೆ ಆಮೇಲೆ ತುಂಬಿಕೊಟ್ಟರೂ ಪೂರ್ತಿ ಸರಿಹೋಗದಿರಬಹುದು. ಆದ್ದರಿಂದ ಮೊದಲ ಆಹಾರವೆಂದರೆ ರುಚಿ ತೋರಿಸುವ ಶಾಸ್ತ್ರ ಎಂದುಕೊಂಡು ಎರಡು ತಿಂಗಳು ಹಣ್ಣು, ಗಂಜಿಯಲ್ಲೇ ಕಳೆಯಬಾರದು. ತಿಂಗಳು ತುಂಬದೆ ಹುಟ್ಟಿದ, ಕಡಿಮೆ ತೂಕದ ಮಕ್ಕಳಲ್ಲಿ ಉಳಿತಾಯ ಇನ್ನೂ ಬೇಗ ಮುಗಿಯುವುದರಿಂದ ವೈದ್ಯರು ಕಬ್ಬಿಣದ ಹನಿಗಳನ್ನು ಮೊದಲೇ ಶುರುಮಾಡುತ್ತಾರೆ.

ಮಗು ಸಿದ್ಧವಾಗಿದೆಯೇ ಎಂದು ತಿಳಿಯಲು ಮೂರು ಲಕ್ಷಣ ಒಟ್ಟಿಗೆ ಕಾಣಬೇಕು. ಆಸರೆ ಕೊಟ್ಟರೆ ಕೂತು ತಲೆ ನೆಟ್ಟಗೆ ನಿಲ್ಲಿಸುತ್ತದೆ. ಎದುರಿಗಿದ್ದುದನ್ನು ಕೈಚಾಚಿ ಹಿಡಿದು ಬಾಯಿಗೆ ಒಯ್ಯುತ್ತದೆ. ಬಾಯಿಗಿಟ್ಟದ್ದನ್ನು ನಾಲಿಗೆಯಿಂದ ಹೊರಗೆ ನೂಕದೆ ನುಂಗುತ್ತದೆ. ರಾತ್ರಿ ಪದೇಪದೇ ಏಳುವುದು, ಮುಷ್ಟಿ ಚೀಪುವುದು ಇದರ ಲಕ್ಷಣಗಳಲ್ಲ. ನಾಲ್ಕು ತಿಂಗಳಿಗೆ ಮೊದಲಂತೂ ಯಾರು ಹೇಳಿದರೂ ಬೇಡ.

ಮೊದಲ ವಾರ

1. ಮಗು ತೀರಾ ಹಸಿದಿರದ, ನಿದ್ದೆ ಆಗಿರುವ ಹೊತ್ತು ಆರಿಸಿಕೊಳ್ಳಿ. ಸ್ವಲ್ಪ ಹಾಲು ಕುಡಿಸಿದ ಮೇಲಾದರೆ ಒಳ್ಳೆಯದು.
2. ಮಲಗಿಸಿ ತಿನ್ನಿಸಬೇಡಿ. ಬೆನ್ನು ನೆಟ್ಟಗೆ, ನಿಮ್ಮ ಮುಖಕ್ಕೆ ಮುಖ ಕೊಟ್ಟು ಕೂರಿಸಿ.
3. ನಿಮ್ಮ ಕೈ, ಮಗುವಿನ ಕೈ ಎರಡನ್ನೂ ಸೋಪು ಹಾಕಿ ತೊಳೆಯಿರಿ. ಅದರ ಕೈಯೂ ತಟ್ಟೆಗೆ ಬರುತ್ತದೆ, ತಡೆಯಲಾಗುವುದಿಲ್ಲ.
4. ಚಮಚವನ್ನು ತುಟಿಗೆ ತಾಗಿಸಿ ಕಾಯಿರಿ. ಬಾಯಿ ತೆರೆದರೆ ಮಾತ್ರ ಒಳಗೆ.
5. ಎರಡು ಮೂರು ಚಮಚಕ್ಕೆ ಮುಖ ತಿರುಗಿಸಿದರೆ ಅಲ್ಲಿಗೆ ಮುಗಿಯಿತು. ನಾಳೆ ಇದೆ.

ಮೊದಲ ಚಮಚದಲ್ಲಿ ಏನಿರಬೇಕು ಎಂಬುದಕ್ಕೆ ಶಾಸ್ತ್ರೀಯವಾದ ಕ್ರಮವೇನಿಲ್ಲ. ನುಣ್ಣಗೆ ಬೆಂದ ಬೇಳೆ, ಅರೆದ ಮಾಂಸ, ಮೊಟ್ಟೆ, ಮಸೆದ ಸಿಹಿಗೆಣಸು, ಮೊಸರು ಯಾವುದರಿಂದಲೂ ಶುರುಮಾಡಬಹುದು. ಹಣ್ಣು ಮೊದಲು ಕೊಟ್ಟರೆ ತರಕಾರಿ ಒಲ್ಲೆ ಎನ್ನುತ್ತದೆ ಎಂಬುದಕ್ಕೆ ಆಧಾರವಿಲ್ಲ. ಎದೆಹಾಲೇ ಸಿಹಿ, ಮಗು ಸಿಹಿಯನ್ನು ಆಗಲೇ ಕಂಡಿದೆ.

ಚಮಚ ಓರೆ ಮಾಡಿ ನೋಡಿ

ಆರರಿಂದ ಎಂಟು ತಿಂಗಳಲ್ಲಿ ಹಾಲಿನ ಜೊತೆಗೆ ಆಹಾರದಿಂದ ದಿನಕ್ಕೆ ಸುಮಾರು 200 ಕ್ಯಾಲೊರಿ ಬೇಕು, ಒಂಬತ್ತರಿಂದ ಹನ್ನೊಂದರಲ್ಲಿ 300. ಹೊಟ್ಟೆ ಒಮ್ಮೆಗೆ ಹಿಡಿಯುವುದು ಕಿಲೋಗೆ ಸುಮಾರು 30 ಮಿ.ಲೀ.ನಂತೆ, ಎಂಟು ಕಿಲೋ ಮಗುವಿಗೆ 240 ಮಿ.ಲೀ. ಈ ಜಾಗವನ್ನು ನೀರು ತುಂಬಿದರೆ ಮಗು ಹೊಟ್ಟೆ ತುಂಬಿಯೂ ಸೊರಗುತ್ತದೆ.

ಪರೀಕ್ಷೆ ಸುಲಭ. ಚಮಚದಲ್ಲಿ ಆಹಾರ ತುಂಬಿ ಓರೆ ಮಾಡಿ. ಸುರಿದು ಹೋದರೆ ತೆಳು. ಚಮಚಕ್ಕೆ ಅಂಟಿ ನಿಧಾನಕ್ಕೆ ಜಾರಿದರೆ ಸರಿ. ಗಟ್ಟಿ ಮಾಡಿದರೆ ಜೀರ್ಣವಾಗುವುದಿಲ್ಲ ಎಂಬ ಮಾತು ಎಲ್ಲ ಮನೆಯಲ್ಲೂ ಕೇಳಿಬರುತ್ತದೆ. ಜೀರ್ಣಕ್ಕೂ ನೀರಿಗೂ ಸಂಬಂಧವಿಲ್ಲ. ಬೇಕಾದದ್ದು ಮೆತ್ತಗೆ ಬೆಂದಿರುವುದು, ಮಸೆದಿರುವುದು. ಸಡಿಲ ಮಾಡಲೇಬೇಕಿದ್ದರೆ ನೀರಿನ ಬದಲು ಮಗು ಕುಡಿಯುವ ಹಾಲನ್ನೇ ಬೆರೆಸಿ. ಒಂದು ಟೀ ಚಮಚ ಎಣ್ಣೆ ಅಥವಾ ಬೆಣ್ಣೆ ಸೇರಿಸಿದರೆ ಪ್ರಮಾಣ ಹೆಚ್ಚದೆ 40ರ ಹತ್ತಿರ ಕ್ಯಾಲೊರಿ ಕೂಡುತ್ತದೆ. ಮಿಕ್ಸಿಯಲ್ಲಿ ನೀರಿನಂತೆ ಅರೆದು ಬಾಟಲಿಯಲ್ಲಿ ಕುಡಿಸುವುದನ್ನು ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ.

ಇನ್ನು ಕಬ್ಬಿಣಾಂಶ. ಮಾಂಸ, ಮೀನು, ಕೋಳಿಯಲ್ಲಿರುವುದು ಸುಲಭವಾಗಿ ಮೈಗೆ ಹತ್ತುತ್ತದೆ. ಮೆತ್ತಗೆ ಬೇಯಿಸಿ ಅರೆದ ಎರಡು ಚಮಚ ಮಾಂಸ ದೊಡ್ಡ ಬಟ್ಟಲಿನ ಸೊಪ್ಪಿಗಿಂತ ಹೆಚ್ಚು ಕೆಲಸ ಮಾಡುತ್ತದೆ. ಮಾಂಸದ ಸಾರು ಮಾತ್ರ ಸಾಲದು, ಸತ್ವ ತುಂಡಿನಲ್ಲೇ ಉಳಿದಿರುತ್ತದೆ. ಮಾಂಸ ತಿನ್ನದ ಮನೆಗಳಲ್ಲಿ ಬೇಳೆ ಕಾಳುಗಳು ದಿನವೂ, ದಿನಕ್ಕೆ ಎರಡು ಸಲ ಬರಲಿ. ನೂರು ಗ್ರಾಂ ಬೆಂದ ಮಸೂರ ಬೇಳೆಯಲ್ಲಿ ಸುಮಾರು 3 ಮಿಲಿಗ್ರಾಂ ಕಬ್ಬಿಣ ಇದೆ, ಆದರೆ ಅದರಲ್ಲಿ ಮೈಗೆ ಹತ್ತುವುದು ಸ್ವಲ್ಪವೇ. ಕಾಳನ್ನು ನೆನೆಸಿ ಮೊಳಕೆ ಬರಿಸಿದರೆ ಹೆಚ್ಚುತ್ತದೆ. ಅದೇ ತುತ್ತಿನ ಜೊತೆ ವಿಟಮಿನ್ ಸಿ ಇದ್ದರೆ ಇನ್ನೂ ಹೆಚ್ಚುತ್ತದೆ: ಬೇಳೆಗೆ ನಾಲ್ಕು ಹನಿ ನಿಂಬೆರಸ, ಜೊತೆಗೊಂದು ತುಂಡು ಪಪ್ಪಾಯಿ, ಮಸೆದ ಟೊಮೆಟೊ. ಟೀ ಇದಕ್ಕೆ ಅಡ್ಡಗಾಲು, ಮಗುವಿಗೆ ಅದರ ರುಚಿಯೂ ಬೇಡ. ಕಬ್ಬಿಣ ಸೇರಿಸಿದ ಶಿಶು ಆಹಾರಗಳೂ ಸಿಗುತ್ತವೆ. ಕೊಳ್ಳುವಾಗ ಪೊಟ್ಟಣದ ಹಿಂಬದಿಯ ಸಕ್ಕರೆಯ ಸಾಲನ್ನು ಮೊದಲು ಓದಿ. ಪೂರ್ತಿ ಸಸ್ಯಾಹಾರದ ಮಕ್ಕಳಿಗೆ ಕಬ್ಬಿಣದ ಹನಿ ಬೇಕೇ ಎಂದು ವೈದ್ಯರನ್ನು ಕೇಳುವುದರಲ್ಲಿ ಸಂಕೋಚ ಬೇಡ.

ವೈವಿಧ್ಯಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಬಳಸುವ ಅಳತೆಗೋಲು ಎಂಟು ಗುಂಪುಗಳದ್ದು: ಎದೆಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು ಮತ್ತು ಬೀಜ, ಹಾಲಿನ ಪದಾರ್ಥ, ಮಾಂಸ ಮೀನು, ಮೊಟ್ಟೆ, ವಿಟಮಿನ್ ಎ ತುಂಬಿದ ಹಣ್ಣು ತರಕಾರಿ, ಉಳಿದ ಹಣ್ಣು ತರಕಾರಿ. ದಿನವೊಂದರಲ್ಲಿ ಕನಿಷ್ಠ ಐದು ಬರಬೇಕು. ಒಂದು ದಿನ ರಾತ್ರಿ ಮಲಗುವ ಮುನ್ನ ಎಣಿಸಿ ನೋಡಿ, ಎಷ್ಟು ಸಲ ಮೂರಕ್ಕೇ ನಿಲ್ಲುತ್ತೇವೆ ಎಂಬುದು ಗೊತ್ತಾಗುತ್ತದೆ.

ಅಲರ್ಜಿಯ ಭಯ

ಶೇಂಗಾ, ಮೊಟ್ಟೆಗಳನ್ನು ವರ್ಷಗಟ್ಟಲೆ ದೂರವಿಡಿ ಎಂದು ಒಂದು ಕಾಲಕ್ಕೆ ವೈದ್ಯರೇ ಹೇಳುತ್ತಿದ್ದರು. 2015ರಲ್ಲಿ ಪ್ರಕಟವಾದ ಲಂಡನ್ನಿನ ಲೀಪ್ ಅಧ್ಯಯನ ಅದನ್ನು ತಲೆಕೆಳಗು ಮಾಡಿತು. ಅಲರ್ಜಿಯ ಅಪಾಯ ಹೆಚ್ಚಿದ್ದ 640 ಮಕ್ಕಳಲ್ಲಿ ಒಂದು ಗುಂಪಿಗೆ 4ರಿಂದ 11 ತಿಂಗಳೊಳಗೇ ಶೇಂಗಾ ಶುರುಮಾಡಿ ಮುಂದುವರಿಸಿದರು. ಐದು ವರ್ಷ ತುಂಬುವಾಗ ಆ ಗುಂಪಿನಲ್ಲಿ ಶೇಂಗಾ ಅಲರ್ಜಿ, ದೂರವಿಟ್ಟ ಗುಂಪಿಗಿಂತ ನೂರಕ್ಕೆ 80ರಷ್ಟು ಕಡಿಮೆಯಿತ್ತು.

ಹಾಗಾಗಿ ಪೂರ್ತಿ ಬೆಂದ ಮೊಟ್ಟೆ, ನುಣ್ಣಗೆ ಅರೆದು ಗಂಜಿಯಲ್ಲಿ ಕದಡಿದ ಶೇಂಗಾ, ಗೋಧಿ, ಮೀನು ಇವನ್ನೆಲ್ಲ ಆರು ತಿಂಗಳಾದ ಮೇಲೆ ತಡಮಾಡದೆ ಒಂದೊಂದಾಗಿ ಪರಿಚಯಿಸಿ. ಮೊದಲ ಸಲ ಬೆಳಗ್ಗೆ ಕೊಡಿ, ಕಾಲು ಚಮಚದಿಂದ ಶುರುಮಾಡಿ, ಎರಡು ಗಂಟೆ ಕಣ್ಣಿಟ್ಟಿರಿ. ಒಗ್ಗಿದ ಮೇಲೆ ವಾರಕ್ಕೆ ಒಂದೆರಡು ಸಲವಾದರೂ ಕೊಡುತ್ತಿರಬೇಕು, ಒಮ್ಮೆ ತಿನ್ನಿಸಿ ಮರೆತರೆ ಪ್ರಯೋಜನವಿಲ್ಲ. ಮಗುವಿಗೆ ತೀವ್ರ ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವ ಕಾಯಿಲೆ) ಇದ್ದರೆ ಅಥವಾ ಒಂದು ಅಲರ್ಜಿ ಆಗಲೇ ಇದ್ದರೆ ಮೊದಲು ವೈದ್ಯರ ಮಾತು ಕೇಳಿ. ಬಾಯಿ ಸುತ್ತ ಸ್ವಲ್ಪ ಕೆಂಪಾಗುವುದು ಬೇರೆ. ಮುಖ ಊದುವುದು, ಉಬ್ಬಸ, ಮೈ ಸಡಿಲವಾಗುವುದು ಕಂಡರೆ ತಕ್ಷಣ ಆಸ್ಪತ್ರೆ.

ಎಂಟರಿಂದ ಹನ್ನೆರಡು ತಿಂಗಳು: ಗಂಟು ಬೇಕು

ಊಟದ ಲೆಕ್ಕ ಹೀಗೆ: ಎಂಟು ತಿಂಗಳವರೆಗೆ ದಿನಕ್ಕೆ 2–3 ಸಲ, ಎರಡು ಮೂರು ಚಮಚದಿಂದ ಏರುತ್ತ 250 ಮಿ.ಲೀ. ಬಟ್ಟಲಿನ ಅರ್ಧದವರೆಗೆ. ಒಂಬತ್ತರ ನಂತರ 3–4 ಸಲ ಅರ್ಧ ಬಟ್ಟಲು, ನಡುವೆ ಒಂದೆರಡು ಸಲ ಕೈಯಲ್ಲಿ ಹಿಡಿದು ತಿನ್ನುವಂಥದ್ದು. ಎದೆಹಾಲು ಎಂದಿನಂತೆ.

ಎಂಟು ತಿಂಗಳಾದ ಮೇಲೂ ಎಲ್ಲವನ್ನೂ ನುಣ್ಣಗೆ ಅರೆಯುತ್ತಿದ್ದರೆ ನಿಲ್ಲಿಸಿ. ಫೋರ್ಕಿನಲ್ಲೋ ಬೆರಳಲ್ಲೋ ಕಿವುಚಿದರೆ ಸಾಕು, ಸಣ್ಣ ಗಂಟುಗಳು ಇರಲಿ. ಹಲ್ಲು ಬಂದಿಲ್ಲವಲ್ಲ ಎನ್ನಬೇಡಿ, ವಸಡು ಬಾಳೆಹಣ್ಣು, ಬೆಂದ ಕ್ಯಾರೆಟ್ಟುಗಳನ್ನು ಚೆನ್ನಾಗಿಯೇ ಅರೆಯುತ್ತದೆ. ಹತ್ತು ತಿಂಗಳವರೆಗೂ ಗಂಟು ಕಾಣದ ಮಕ್ಕಳು ಮುಂದೆ ಅಗಿಯುವ ಆಹಾರವನ್ನು ಹೆಚ್ಚು ದೂರ ತಳ್ಳುತ್ತಾರೆ. ಎರಡು ಬೆರಳ ನಡುವೆ ಒತ್ತಿದರೆ ಕುಸಿಯುವಷ್ಟು ಮೆತ್ತಗಿನ ಉದ್ದ ತುಂಡುಗಳನ್ನು ಕೈಗೆ ಕೊಡಿ. ಅರ್ಧ ನೆಲಕ್ಕೆ, ಕಾಲು ಭಾಗ ತಲೆಕೂದಲಿಗೆ. ಕೆಳಗೊಂದು ಹಳೇ ಬಟ್ಟೆ ಹಾಸಿ.

ನೀರನ್ನು ಊಟದ ಜೊತೆ ಗುಟುಕು ಗುಟುಕಾಗಿ, ಮುಚ್ಚಳವಿಲ್ಲದ ಸಣ್ಣ ಲೋಟದಲ್ಲಿ ಕಲಿಸಿ.

ಬಾಯಿ ಬಿಗಿಹಿಡಿದಾಗ

ಏನು, ಯಾವಾಗ, ಎಲ್ಲಿ ಎಂಬುದು ದೊಡ್ಡವರ ಕೈಯಲ್ಲಿ. ಎಷ್ಟು ಎಂಬುದು ಮಗುವಿನ ಕೈಯಲ್ಲಿ. ಇದು ಹೇಳಲು ಸುಲಭ. ಎದುರಿಗೆ ಮಗು ಬಾಯಿ ಬಿಗಿಹಿಡಿದು ಕೂತಾಗ, ಪಕ್ಕದಲ್ಲಿ ಮನೆಯ ಹಿರಿಯರು ‘ಏನೂ ತಿನ್ನಲಿಲ್ಲವಲ್ಲ’ ಎಂದು ನಿಂತಾಗ ಪಾಲಿಸುವುದು ಕಷ್ಟ. ಆದರೂ ಮೂಗು ಹಿಡಿದು ತುರುಕುವುದು, ಮೊಬೈಲು ತೋರಿಸಿ ಬಾಯಿ ಮರೆಸುವುದು ಎರಡೂ ಒಂದೇ ಕೆಲಸ ಮಾಡುತ್ತವೆ: ಹೊಟ್ಟೆ ತುಂಬಿತು ಎಂಬ ಸುದ್ದಿ ಮಗುವಿಗೇ ತಲುಪದ ಹಾಗೆ. ಹೊಸ ರುಚಿ ಒಪ್ಪಲು ಹತ್ತು ಹದಿನೈದು ಸಲ ಬೇಕಾಗಬಹುದು. ಮೂರನೇ ಸಲಕ್ಕೇ ‘ಇವಳಿಗೆ ಕುಂಬಳಕಾಯಿ ಆಗುವುದಿಲ್ಲ’ ಎಂದು ನಾನು ಬರೆದುಬಿಟ್ಟಿದ್ದೆ. ಹತ್ತು ತಿಂಗಳಿಗೆ ಅವಳೇ ನನ್ನ ತಟ್ಟೆಯಿಂದ ಎತ್ತಿಕೊಂಡಳು.

ಒಂದು ದಿನ ತಿನ್ನದಿದ್ದರೆ ಲೆಕ್ಕಕ್ಕಿಲ್ಲ. ವಾರದ ಒಟ್ಟು ನೋಡಿ, ತಿಂಗಳಿಗೊಮ್ಮೆ ತೂಕ ನೋಡಿ. ಬೆಳವಣಿಗೆಯ ಚಾರ್ಟಿನಲ್ಲಿ ತೂಕದ ಗೆರೆ ಮೇಲಿದೆಯೋ ಕೆಳಗಿದೆಯೋ ಎಂಬುದಕ್ಕಿಂತ, ಮಗು ತನ್ನದೇ ಗೆರೆಯ ಗುಂಟ ಏರುತ್ತಿದೆಯೇ ಎಂಬುದು ಮುಖ್ಯ. ಗೆರೆ ಚಪ್ಪಟೆಯಾದರೆ ಕಾಯಬೇಡಿ.

ಬೇಡವೇ ಬೇಡ

ಜೇನುತುಪ್ಪ ವರ್ಷ ತುಂಬುವವರೆಗೆ ಒಂದು ಹನಿಯೂ ಇಲ್ಲ. ಅದರಲ್ಲಿರಬಹುದಾದ ಕ್ಲಾಸ್ಟ್ರಿಡಿಯಂ ಬಾಟ್ಯುಲಿನಂ ಎಂಬ ಬ್ಯಾಕ್ಟೀರಿಯಾದ ಬೀಜಾಣುಗಳು ಮಗುವಿನ ಕರುಳಿನಲ್ಲಿ ಬೆಳೆದು ವಿಷ ಹುಟ್ಟಿಸಿ ಸ್ನಾಯುಗಳನ್ನು ನಿಷ್ಕ್ರಿಯ ಮಾಡಬಲ್ಲವು. ಮನೆಯ ಒಲೆಯ ಶಾಖಕ್ಕೆ ಅವು ಸಾಯುವುದಿಲ್ಲ. ಉಪ್ಪು, ಸಕ್ಕರೆ, ಬೆಲ್ಲ ಸೇರಿಸಬೇಡಿ. ಸಪ್ಪೆ ಎನಿಸುವುದು ನಿಮಗೆ, ಉಪ್ಪು ಕಾಣದ ನಾಲಿಗೆಗಲ್ಲ. ಹಣ್ಣಿನ ರಸದ ಬದಲು ಹಣ್ಣು.

ಹಸುವಿನ ಹಾಲಿನ ಬಗ್ಗೆ ಎರಡು ಅಭಿಪ್ರಾಯ ಕಾಣುತ್ತೀರಿ. ಎದೆಹಾಲು ಸಿಗದ 6ರಿಂದ 11 ತಿಂಗಳ ಮಕ್ಕಳಿಗೆ ಪ್ರಾಣಿಗಳ ಹಾಲೂ ಆಗಬಹುದು ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿತು. ಅಮೆರಿಕ, ಬ್ರಿಟನ್ನಿನ ಸಲಹೆ ಕುಡಿಯುವ ಹಾಲಾಗಿ ವರ್ಷ ತುಂಬಿದ ಮೇಲೆಯೇ ಎಂದು. ನನಗೆ ಎರಡನೆಯದೇ ಸರಿ ಕಾಣುತ್ತದೆ. ಅದರಲ್ಲಿ ಕಬ್ಬಿಣ ಇಲ್ಲವೆನ್ನುವಷ್ಟು ಕಡಿಮೆ. ಅಡುಗೆಗೆ ಬೆರೆಸಿದ ಹಾಲು, ಮೊಸರಿಗೆ ಅಡ್ಡಿಯಿಲ್ಲ.

ಇಡೀ ಬೀಜಗಳು, ಇಡೀ ದ್ರಾಕ್ಷಿ, ಪಾಪ್‌ಕಾರ್ನ್, ಹಸಿ ಕ್ಯಾರೆಟ್ ತುಂಡು, ಗಟ್ಟಿ ಮಿಠಾಯಿ ಗಂಟಲಿಗೆ ಸಿಕ್ಕಿಕೊಳ್ಳುವಂಥವು. ದ್ರಾಕ್ಷಿಯನ್ನು ಉದ್ದಕ್ಕೆ ನಾಲ್ಕಾಗಿ ಸೀಳಿ. ಓಕರಿಸುವುದಕ್ಕೂ ಉಸಿರು ಕಟ್ಟುವುದಕ್ಕೂ ವ್ಯತ್ಯಾಸ ತಿಳಿದಿರಲಿ. ಓಕರಿಸುವ ಮಗು ಸದ್ದು ಮಾಡುತ್ತದೆ, ಕೆಮ್ಮುತ್ತದೆ, ಮುಖ ಕೆಂಪಾಗುತ್ತದೆ. ಆಗ ಸುಮ್ಮನೆ ಕಾಯಿರಿ. ಉಸಿರು ಕಟ್ಟಿದ ಮಗುವಿನಿಂದ ಸದ್ದೇ ಬರುವುದಿಲ್ಲ. ಆಗ ಮುಂಗೈ ಮೇಲೆ ಬೋರಲು ಮಲಗಿಸಿ, ತಲೆ ಕೆಳಗಿರುವಂತೆ ಹಿಡಿದು, ಎರಡು ಹೆಗಲ ನಡುವೆ ಅಂಗೈ ಬುಡದಿಂದ 5 ಪೆಟ್ಟು. ಬರದಿದ್ದರೆ ಅಂಗಾತ ತಿರುಗಿಸಿ ಎದೆಯ ನಡುವೆ 5 ಸಲ ಒತ್ತು. ವಸ್ತು ಬರುವವರೆಗೆ ಮತ್ತೆ ಮತ್ತೆ, ಇನ್ನೊಬ್ಬರು ಆಂಬುಲೆನ್ಸ್ ಕರೆಯಲಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳಾಡಿಸಬೇಡಿ, ಇನ್ನೂ ಒಳಕ್ಕೆ ಹೋಗುತ್ತದೆ. ಒಂದು ದಿನದ ಪ್ರಥಮ ಚಿಕಿತ್ಸೆ ತರಬೇತಿ ಎಲ್ಲಾದರೂ ಸಿಕ್ಕರೆ, ಮಗುವನ್ನು ನೋಡಿಕೊಳ್ಳುವವರೆಲ್ಲ ಹೋಗಿ ಬನ್ನಿ.

ಹುಷಾರು ತಪ್ಪಿದಾಗ

ಭೇದಿಯಾದರೆ ಊಟ ನಿಲ್ಲಿಸುವುದು ಹಳೆಯ ತಪ್ಪು. ಎದೆಹಾಲು ಹೆಚ್ಚು ಸಲ ಕೊಡಿ, ಓಆರ್‌ಎಸ್ ಅನ್ನು ಪೊಟ್ಟಣದ ಮೇಲಿನ ಅಳತೆಯಂತೆಯೇ ಕದಡಿ ಚಮಚದಲ್ಲಿ ಕುಡಿಸಿ, ಮೆತ್ತಗಿನ ಊಟ ಸ್ವಲ್ಪ ಸ್ವಲ್ಪವಾಗಿ ಮುಂದುವರಿಯಲಿ. ಸತುವಿನ (ಜಿಂಕ್) ಔಷಧಿಯ ಬಗ್ಗೆ ವೈದ್ಯರನ್ನು ಕೇಳಿ. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚು ಕೊಡಿ, ಕಳೆದ ತೂಕ ಬರುವುದು ಆಗಲೇ. ಆರೇಳು ಗಂಟೆ ಮೂತ್ರವಿಲ್ಲದಿದ್ದರೆ, ನೆತ್ತಿ ಗುಳಿಬಿದ್ದರೆ, ಹಸಿರು ವಾಂತಿ ಅಥವಾ ಮಲದಲ್ಲಿ ರಕ್ತ ಕಂಡರೆ, ಎಬ್ಬಿಸಿದರೂ ಕುಡಿಯದಷ್ಟು ಮಂಕಾದರೆ, ಮೂರು ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಜ್ವರ ಬಂದರೆ, ಬೆಳಗಾಗಲಿ ಎನ್ನಬೇಡಿ.

ವರ್ಷ ತುಂಬಿದಾಗ

ಇಷ್ಟು ಹೊತ್ತಿಗೆ ಮಗು ಮನೆಯ ಊಟವನ್ನೇ ತಿನ್ನಬೇಕು. ಉಪ್ಪು ಖಾರ ಹಾಕುವ ಮೊದಲು ಅದರ ಪಾಲು ತೆಗೆದಿಟ್ಟರೆ ಬೇರೆ ಅಡುಗೆ ಬೇಕಿಲ್ಲ. ಹಸುವಿನ ಹಾಲು ಶುರುಮಾಡಿದರೆ ದಿನಕ್ಕೆ ಅರ್ಧ ಲೀಟರ್ ದಾಟದಿರಲಿ, ದಾಟಿದರೆ ಊಟ ಸೇರುವುದಿಲ್ಲ, ಕಬ್ಬಿಣ ಇಳಿಯುತ್ತದೆ. ಬಾಟಲಿಯಿಂದ ಲೋಟಕ್ಕೆ ಈಗಲೇ ಬದಲಿಸಿ, ಎರಡು ವರ್ಷದ ಹಟಕ್ಕೆ ಕಾಯಬೇಡಿ. ಎದೆಹಾಲು ಎರಡು ವರ್ಷ, ಅದಕ್ಕೂ ಮೇಲೆ, ತಾಯಿಗೂ ಮಗುವಿಗೂ ಬೇಕೆನಿಸುವಷ್ಟು ದಿನ ಇರಲಿ.